ಹದಿನೈದು ಆಂಪಿಯರ್ ಬೆಳಕು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ, ಒಂದು ಅರ್ಜಿಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ. ಆ ಒಂದು ಸಲ ಬರೆದದ್ದೇ ಸಾಕು. ಯಾದಗಿರಿ, ಶಹಾಪುರ, ಸುರಪುರದ ಕಡೆ ವೆಲ್ಡಿಂಗ್ ಕೆಲಸದವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನನಗೂ ಅವರು ಉಸ್ತಾದರೇ.

ಕಡೇಚೂರಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಔಷಧ ಮಾಡುವ ಕಾರ್ಖಾನೆಗಳಿಗೆ ಮೈಲಿಗಟ್ಟಲೆ ಸ್ಟೀಲ್ ಪೈಪು ಬೇಕು, ಆ ಪೈಪುಗಳನ್ನು ಬೆಸೆಯಲು ಆರ್ಗಾನ್ ವೆಲ್ಡಿಂಗ್ ಬಲ್ಲವರು ಬೇಕು. ಒಬ್ಬ ಗುತ್ತಿಗೆದಾರ ಯಾದಗಿರಿಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ತರಬೇತಿ ಶುರು ಮಾಡಿದ. ಹೆಂಗಸರನ್ನು ಸೇರಿಸಿಕೊಂಡರೆ ಯಾವುದೋ ಯೋಜನೆಯಲ್ಲಿ ಅವನಿಗೆ ಅನುಕೂಲವಿತ್ತಂತೆ. ಹಾಗಾಗಿ ಎಂಟು ಜನರಲ್ಲಿ ನಾವು ನಾಲ್ವರು ಹೆಂಗಸರು. ನಾನು ಶಹಾಪುರದಲ್ಲಿ ರವಿಕೆ ಹೊಲಿಯುತ್ತಿದ್ದವಳು, ಪಿಯುಸಿ ಪಾಸಾದವಳು. ನನ್ನ ಪಕ್ಕದ ಟೇಬಲ್ಲಿನವಳು ಮೋನಮ್ಮ, ತಿಂಥಣಿ ಕಡೆಯವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದವಳು. ಸಹಿ ಮಾಡುವುದು ಬರುತ್ತಿತ್ತು, ಓದುವುದು ಅಷ್ಟಾಗಿ ಬರುತ್ತಿರಲಿಲ್ಲ. ಕೈ ಮಾತ್ರ ಎಂಟು ಜನರಲ್ಲಿ ಅವಳದೇ ನಯ.

ಕಲಿಸಲು ಬಂದವರು ಉಸ್ತಾದ್. ಗಿಡ್ಡ ಆಳು, ಐವತ್ತೈದರ ಆಸುಪಾಸು, ಖಾಕಿ ಅಂಗಿಯ ತೋಳನ್ನು ಮುಂಗೈವರೆಗೆ ಇಳಿಸಿ ಗುಂಡಿ ಹಾಕಿಕೊಂಡವರು. ಯಾದಗಿರಿಯ ಮೇ ತಿಂಗಳಲ್ಲೂ ಆ ಗುಂಡಿ ಬಿಚ್ಚಿದ್ದನ್ನು ನಾನು ಕಾಣೆ. ಬಲಗಣ್ಣು ಮಬ್ಬಾಗಿತ್ತು. ಯಾರನ್ನಾದರೂ ನೋಡಬೇಕಾದರೆ ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಎಡಗಣ್ಣನ್ನು ಮುಂದೆ ತರುತ್ತಿದ್ದರು. ಅದರಿಂದ ಯಾವಾಗಲೂ ಏನನ್ನೋ ಅನುಮಾನದಿಂದ ಕೇಳುತ್ತಿದ್ದಾರೆ ಅನಿಸುತ್ತಿತ್ತು.

ಮೊದಲ ಮೂರು ದಿನ ಟಾರ್ಚು ಮುಟ್ಟಲು ಬಿಡಲಿಲ್ಲ. ಸ್ಟೀಲ್ ಪಟ್ಟಿಗಳನ್ನು ತಂತಿ ಬ್ರಷ್ಷಿನಿಂದ ಉಜ್ಜುವುದು, ಬಟ್ಟೆಗೆ ಥಿನ್ನರ್ ಹಚ್ಚಿ ಒರೆಸುವುದು, ಮತ್ತೆ ಒರೆಸುವುದು, ಇಷ್ಟೇ. ನಾನು ಒರೆಸಿದ ಪಟ್ಟಿಯ ಮೇಲೆ ಬಿಳಿ ಬಟ್ಟೆ ಎಳೆದು ನನ್ನ ಮುಂದೆ ಹಿಡಿಯುತ್ತಿದ್ದರು. ಬಟ್ಟೆ ಸ್ವಲ್ಪ ಕಪ್ಪಾಗಿದ್ದರೂ ಪಟ್ಟಿ ಮತ್ತೆ ನನ್ನ ಕೈಗೆ. ನಾವೇನು ಪಾತ್ರೆ ತಿಕ್ಕಲು ಬಂದಿದ್ದೇವೆಯೇ ಎಂದು ಒಬ್ಬಳು ಗೊಣಗಿದಾಗ, ಸಾದಾ ವೆಲ್ಡಿಂಗು ತುಕ್ಕನ್ನೂ ಎಣ್ಣೆಯನ್ನೂ ಒಂದಿಷ್ಟು ಸಹಿಸುತ್ತದೆ, ಆರ್ಗಾನ್ ಏನನ್ನೂ ಸಹಿಸುವುದಿಲ್ಲ ಎಂದರು. ಆರ್ಗಾನಿನಲ್ಲಿ ಒಂದು ಕೈಯಲ್ಲಿ ಟಾರ್ಚು, ಅದರ ಮೂತಿಯಲ್ಲಿ ಸೂಜಿಯಂಥ ಟಂಗ್‌ಸ್ಟನ್ ಕಡ್ಡಿ. ಇನ್ನೊಂದು ಕೈಯಲ್ಲಿ ತಂತಿ. ಮೂತಿಯಿಂದ ಹರಿಯುವ ಆರ್ಗಾನ್ ಅನಿಲ ಕರಗಿದ ಲೋಹಕ್ಕೆ ಹೊರಗಿನ ಗಾಳಿ ತಾಗದಂತೆ ಕಾಯುತ್ತದೆ. ಆ ಕಾವಲು ಒಂದು ಗಳಿಗೆ ತಪ್ಪಿದರೂ ಬೆಸುಗೆ ಕೆಟ್ಟಿತು.

ಕಲಿಯುವವರೆಲ್ಲ ಮೊದಲು ಮಾಡುವ ತಪ್ಪು ಒಂದೇ: ಕೈ ನಡುಗಿ ಟಂಗ್‌ಸ್ಟನ್ ಮೊನೆಯನ್ನು ಕರಗಿದ ಲೋಹದಲ್ಲಿ ಅದ್ದಿಬಿಡುವುದು. ಅದ್ದಿದ ಕೂಡಲೇ ಕಿಡಿ ದಿಕ್ಕು ತಪ್ಪಿ ಕುಣಿಯುತ್ತದೆ, ಬೆಸುಗೆ ಕರ್ರಗಾಗುತ್ತದೆ. ಇನ್ನೊಂದು ಇಂಚು ಹೇಗೋ ಎಳೆದುಬಿಡೋಣ ಅನಿಸುತ್ತದೆ. ಉಸ್ತಾದ್ ಹಿಂದಿನಿಂದ ಬಂದು ಕರೆಂಟನ್ನೇ ಬಂದ್ ಮಾಡುತ್ತಿದ್ದರು. ಕಡ್ಡಿ ಬಿಚ್ಚಬೇಕು, ಕೆಟ್ಟ ಮೊನೆ ಮುರಿಯಬೇಕು, ಸಾಣೆಯ ಮೇಲೆ ಉದ್ದಕ್ಕೆ ಹಿಡಿದು ಹೊಸ ಮೊನೆ ಮಾಡಬೇಕು. ಅಡ್ಡಡ್ಡ ಸಾಣೆ ಹಿಡಿದರೆ ಅದನ್ನೂ ಮುರಿದು ಕೊಡುತ್ತಿದ್ದರು. ಒಂದು ದಿನ ನಾನು ಇಪ್ಪತ್ತೆರಡು ಸಲ ಮೊನೆ ಮಾಡಿದೆ. ಇಪ್ಪತ್ತಮೂರನೆಯದಕ್ಕೆ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ. ಒದ್ದೆ ಕೈಗವಸಿನಲ್ಲಿ ತಂತಿ ಹಿಡಿಯಬೇಡ ಎಂದಷ್ಟೇ ಹೇಳಿ ಮುಂದಿನ ಟೇಬಲ್ಲಿಗೆ ಹೋದರು.

ಹೊಗಳಿದ್ದು ನನಗೆ ನೆನಪಿಲ್ಲ. ಬೈದದ್ದು ಬೇಕಾದಷ್ಟಿದೆ. ಸರಿಯಾಗದ ತುಂಡುಗಳನ್ನು ಶೆಡ್ಡಿನ ಹೊರಗಿನ ಗಟಾರಕ್ಕೆ ಎಸೆಯುತ್ತಿದ್ದರು, ನಾವೇ ಹೋಗಿ ಹೆಕ್ಕಿ ತರಬೇಕು. ಒಬ್ಬಳು ಎರಡು ದಿನ ಬರಲಿಲ್ಲ; ಕರೆಯಲು ಯಾರನ್ನೂ ಕಳಿಸಲಿಲ್ಲ. ನಮಗಿಂತ ಗಂಡಸರನ್ನು ಕಡಿಮೆ ಬೈಯುತ್ತಾರೆ ಎಂದು ನಾನು ಲೆಕ್ಕ ಇಡಲು ಹೋಗಿ ಸೋತೆ. ಎಲ್ಲರಿಗೂ ಒಂದೇ ಅಳತೆ.

ಒಮ್ಮೆ ನನ್ನ ಬೆಸುಗೆಯ ತುಂಬ ಸಣ್ಣ ಸಣ್ಣ ತೂತುಗಳು ಬರತೊಡಗಿದವು. ಪಟ್ಟಿ ಒರೆಸಿದೆ, ಮೊನೆ ಬದಲಿಸಿದೆ, ಅನಿಲ ಹೆಚ್ಚು ಮಾಡಿದೆ, ಕೊಳವೆ ಸೋರುತ್ತಿದೆಯೇ ಎಂದು ಸೋಪಿನ ನೀರು ಹಚ್ಚಿ ನೋಡಿದೆ. ಮಧ್ಯಾಹ್ನದವರೆಗೆ ಒದ್ದಾಡಿದೆ. ಉಸ್ತಾದ್ ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದರು. ಕೊನೆಗೆ ಎದ್ದು ಬಂದು, ಸೆಕೆ ತಾಳದೆ ನಾನು ಕಾಲ ಬಳಿ ಇಟ್ಟುಕೊಂಡಿದ್ದ ಟೇಬಲ್ ಫ್ಯಾನನ್ನು ಆರಿಸಿ ಹೋದರು. ತೂತು ನಿಂತವು. ಫ್ಯಾನಿನ ಗಾಳಿ ಆರ್ಗಾನನ್ನು ಹಾರಿಸಿಕೊಂಡು ಹೋಗುತ್ತಿತ್ತು. ಮೊದಲೇ ಹೇಳಬಾರದಿತ್ತೇ ಎಂದು ನಾನು ಸಿಟ್ಟಿನಿಂದ ಕೇಳಿದೆ.

"ಹೇಳಿದ್ರ ಒಂದ ದಿನ ನೆನಪಿರತದ. ಅರ್ಧ ದಿನ ಹಾಳಾತಲ್ಲ, ಇನ್ನ ಸಾಯೂತನ ನೆನಪಿರತದ ತಂಗಿ," ಎಂದರು. ನೆನಪಿದೆ.

ಇನ್ನೊಂದು ಸಲ ನಾನು ಎರಡು ಪೈಪುಗಳನ್ನು ಬೆಸೆದು, ಹೊಲಿಗೆ ಹಾಕಿದಂತೆ ಒಂದೇ ಸಮನಾದ ಅಲೆ ಮೂಡಿಸಿ, ಅವರ ಮುಂದೆ ಇಟ್ಟೆ. ಈ ಸಲವಾದರೂ ಏನಾದರೂ ಅಂದಾರು ಎಂಬ ಆಸೆ. ಅವರು ಗ್ರೈಂಡರಿನಿಂದ ಉದ್ದಕ್ಕೆ ಸೀಳಿ ಒಳಮಗ್ಗಲು ತೋರಿಸಿದರು. ಒಳಗೆ ಸೀದ ಬೆಲ್ಲದ ಹಾಗೆ ಕರಿ ಗಂಟು ಗಂಟು. ಪೈಪಿನ ಒಳಗೂ ಆರ್ಗಾನ್ ತುಂಬಿ ಬೆಸೆಯಬೇಕು, ನಾನು ಅವಸರಕ್ಕೆ ತುಂಬಿರಲಿಲ್ಲ.

"ಹೊರಗ ಮದುವಿ ಮನಿ ಮಾಡಿ, ಒಳಗ ಸುಡುಗಾಡು ಮಾಡೀದಿ," ಎಂದರು. "ಇದರಾಗ ಔಷಧ ಹರೀತದ. ಕುಡಿಯೂ ಕೂಸಿಗೆ ಪೈಪ್ ಕಾಣಂಗಿಲ್ಲ."

ಅವರ ಹಿಂದಿನ ಬದುಕು ನಮಗೆ ತಿಳಿದದ್ದು ಚೂರುಚೂರಾಗಿ. ಶಹಾಪುರದ ಹತ್ತಿರದ ಒಂದು ಹಳ್ಳಿಯವರು, ಕೂಲಿಕಾರರ ಮಗ, ಮನೆಮಂದಿ ಬೌದ್ಧರು. ಕೃಷ್ಣೆಯ ನೀರಿಗೆ ಕಾಲುವೆ ತೋಡುವಾಗ ಅಪ್ಪ ಮಣ್ಣು ಹೊರಲು ಹೋಗಿದ್ದರು, ಮಗ ಕ್ಯಾಂಪಿನ ವರ್ಕ್‌ಶಾಪ್ ಸೇರಿ ಗೇಟು ಬೆಸೆಯುವುದು ಕಲಿತರು. ತಮ್ಮೂರಿನ ಉಪಕಾಲುವೆಯ ಗೇಟನ್ನು ಅವರೇ ಬೆಸೆದರು. ನೀರು ಬಿಟ್ಟ ದಿನ ಹೊಲದವರೆಲ್ಲ ಸೇರಿ ಗೇಟಿಗೆ ಪೂಜೆ ಮಾಡಿ ಕಾಯಿ ಒಡೆದರು. ಇವರಿಗೆ, ಆಚೆ ದಂಡೆಯ ಮೇಲೆ ನಿಲ್ಲು, ಪೂಜೆ ಮುಗಿಯಲಿ ಎಂದರಂತೆ. ನಿಂತರು. ಅವರ ಮನೆಗೆ ಒಂದು ಗುಂಟೆಯೂ ಹೊಲವಿರಲಿಲ್ಲ. "ಗೇಟ್ ನಂದು, ನೀರ ಮಂದೀದು," ಎಂದು ಅವರು ನಗುತ್ತ ಹೇಳಿದಾಗ ನಾವೂ ನಕ್ಕೆವು. ನಗಬಾರದಿತ್ತು ಎಂದು ಈಗ ಅನಿಸುತ್ತದೆ.

ಬಲಗಣ್ಣು ಮಬ್ಬಾಗತೊಡಗಿದ್ದೂ ಆ ಕ್ಯಾಂಪಿನಲ್ಲೇ ಎನ್ನುತ್ತಿದ್ದರು. ಇಬ್ಬರಿಗೆ ಒಂದು ಕಪ್ಪು ಗಾಜು ಕೊಡುತ್ತಿದ್ದರಂತೆ. ಒಬ್ಬ ಬೆಸೆಯುವಾಗ ಇನ್ನೊಬ್ಬ ಕಣ್ಣು ಮುಚ್ಚಿಕೊಂಡು ತಗಡು ಹಿಡಿಯಬೇಕು. ಕಣ್ಣಲ್ಲಿ ಮರಳು ಸುರಿದಂತಾಗಿ ಉರಿದರೆ ಆಲೂಗಡ್ಡೆ ಹೋಳು ಇಟ್ಟುಕೊಂಡು ಮಲಗುವುದು, ಮರುದಿನ ಮತ್ತೆ ಹೋಗುವುದು. ಹೀಗಾಗಿ ಮುಖ ಮುಚ್ಚುವ ಕಪ್ಪು ಗಾಜಿನ ಹೆಲ್ಮೆಟ್ಟಿನ ವಿಷಯದಲ್ಲಿ ಅವರ ಜೊತೆ ತಮಾಷೆ ನಡೆಯುತ್ತಿರಲಿಲ್ಲ. ತಲೆಗೆ ಹಾಕಿ ಪಟ್ಟಿ ಬಿಗಿದು, ನೆಲದ ಮೇಲೆ ಬಿದ್ದ ಕಾಸು ಹುಡುಕುವವರಂತೆ ನಮ್ಮನ್ನು ಬಗ್ಗಿಸುತ್ತಿದ್ದರು. ಜಾರಿದರೆ ಅದು ನಿಮ್ಮದಲ್ಲ. ತುರುಬು ಮೇಲೆ ಕಟ್ಟಿದರೆ ಪಟ್ಟಿ ಕೂರುವುದಿಲ್ಲ, ಕೆಳಗೆ ಕಟ್ಟಿ. ಭಾರದ್ದು ಬೇಡ, ಸಂಜೆಗೆ ಕುತ್ತಿಗೆ ನೋಯುತ್ತದೆ, ಕುತ್ತಿಗೆ ನೋಯುವವಳು ಮುಖ ಎತ್ತಿ ಬರಿಗಣ್ಣಲ್ಲಿ ಕಿಡಿ ನೋಡುತ್ತಾಳೆ. ಬೆನ್ನ ಹಿಂದೆ ಇನ್ನೊಬ್ಬರು ಬೆಸೆಯುತ್ತಿದ್ದರೆ ಆ ಬೆಳಕು ಹೆಲ್ಮೆಟ್ಟಿನ ಒಳಗೆ ಬಿದ್ದು ಕಣ್ಣಿಗೆ ತಿರುಗುತ್ತದೆ, ನಡುವೆ ಪರದೆ ಕಟ್ಟಿ. ಸಣ್ಣ ಕರೆಂಟಿಗೆ ಒಂಬತ್ತನೇ ನಂಬರಿನ ಗಾಜು, ದೊಡ್ಡದಕ್ಕೆ ಹತ್ತು, ಹನ್ನೊಂದು. ಏನೂ ಕಾಣುವುದಿಲ್ಲ ಎಂದು ತಿಳಿ ಗಾಜಿಗೆ ಇಳಿಯುವ ಮೊದಲು ಮೇಲಿನ ರಕ್ಷಣೆ ಗಾಜು ಒರೆಸಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದೇ ಹೊಗೆ ಹಿಡಿದಿರುತ್ತದೆ.

ಆರನೇ ವಾರಕ್ಕೆ ಗುತ್ತಿಗೆದಾರನ ಸೂಪರ್‌ವೈಸರು ಹೊಸ ಹೆಲ್ಮೆಟ್ಟುಗಳ ಡಬ್ಬಿಗಳನ್ನು ತಂದ. ಕಿಡಿ ಹೊತ್ತಿದ ಕೂಡಲೇ ತಾವಾಗಿ ಕಪ್ಪಾಗುವ ಗಾಜಿನವು, ಮೇಲೆ ಬೆಂಕಿ ಉಗುಳುವ ಹುಲಿಯ ಚಿತ್ರ. ಅಂಥವು ಬೇಕೆಂದು ನಮಗೆಲ್ಲ ಆಸೆಯಿತ್ತು. ಹಳೆಯ ಕಪ್ಪು ಗಾಜಿನಲ್ಲಿ ಕಿಡಿ ಹೊತ್ತುವವರೆಗೆ ಕುರುಡು. ಮುಖವಾಡ ಇಳಿಸುವಾಗಲೇ ಕೈ ಅಲುಗಿ ಮೊನೆ ಜಾಗ ತಪ್ಪುತ್ತಿತ್ತು. ಸೂಪರ್‌ವೈಸರು ಒಂದನ್ನು ಬಾಗಿಲಲ್ಲಿ ಬಿಸಿಲಿಗೆ ಹಿಡಿದು, ಗಾಜು ಕಪ್ಪಾದದ್ದನ್ನು ಎಲ್ಲರಿಗೂ ತೋರಿಸಿದ.

ಉಸ್ತಾದ್ ಡಬ್ಬಿಗಳನ್ನು ತಿರುವಿ ತಿರುವಿ ನೋಡಿದರು. ಪರೀಕ್ಷೆ ಪಾಸಾದ ಗುರುತು ಯಾವುದರ ಮೇಲೂ ಇರಲಿಲ್ಲ. ಪ್ರತಿಯೊಂದಕ್ಕೂ ಬೆಳಕು ಗುರುತಿಸುವ ಕಣ್ಣು ಎರಡೇ. ಮೆಷಿನ್ನನ್ನು ಹದಿನೈದು ಆಂಪಿಯರಿಗೆ ಇಳಿಸಿ, ಹೆಲ್ಮೆಟ್ಟು ತಾವೇ ಹಾಕಿಕೊಂಡು, ಪೈಪಿನ ಮರೆಯಲ್ಲಿ ಕಿಡಿ ಹೊತ್ತಿಸಿದರು. ಹೀಗೆ ಎಂಟನ್ನೂ ಮಾಡಿದರು. ಐದು ಸರಿ ಕಪ್ಪಾದವು. ಮೂರು ಮಿಣುಕಿದವು: ಕಪ್ಪು, ತಿಳಿ, ಕಪ್ಪು, ತಿಳಿ. ಮೂರನೆಯದನ್ನು ತೆಗೆದಾಗ ಅವರ ಎಡಗಣ್ಣಿನಿಂದ ನೀರಿಳಿಯುತ್ತಿತ್ತು. ಇದ್ದ ಒಂದು ಒಳ್ಳೆಯ ಕಣ್ಣನ್ನು ಹೀಗೆ ಯಾಕೆ ಒಡ್ಡಿದರೋ, ನಮ್ಮಲ್ಲಿ ಯಾರಿಗಾದರೂ ಹಾಕಿ ನೋಡಬಹುದಿತ್ತು. ಹಾಕಲಿಲ್ಲ.

"ಬಿಸಿಲಿಗೆ ಯಾವುದಾದ್ರೂ ಕಪ್ಪಾಗ್ತದ. ಬಿಸಿಲು ದೊಡ್ಡದು," ಎಂದರು ಸೂಪರ್‌ವೈಸರಿಗೆ. "ಹದಿನೈದು ಆಂಪಿಯರ್ ಬೆಳಕು ಸಣ್ಣದು, ಇದಕ್ಕ ಕಾಣಂಗಿಲ್ಲ. ಹುಡುಗ್ಯಾರ ಕಣ್ಣಿಗೆ ಕಾಣತದ. ನಾಕ್ ಕಣ್ಣಿಂದು ತರ್ರಿ, ಇಲ್ಲಾ ಹಳೇ ಗಾಜ ಇರಲಿ."

ಹಳೆಯ ಗಾಜಿನಲ್ಲಿ ಕೆಲಸ ನಿಧಾನ ಎಂದು ಅವನು. ಕಣ್ಣು ಹೋದಮೇಲೆ ಇನ್ನೂ ನಿಧಾನವಾಗುತ್ತದೆ ಎಂದು ಇವರು. ಒಂದು ವಾರ ಹಗ್ಗಜಗ್ಗಾಟ ನಡೆಯಿತು. ಆ ಹೆಲ್ಮೆಟ್ಟಿನಲ್ಲಿ ಬೆಸೆದ ಒಂದು ತುಂಡನ್ನೂ ಪಾಸು ಮಾಡುವುದಿಲ್ಲ ಎಂದು ಉಸ್ತಾದ್ ಹಠ ಹಿಡಿದರು. ಅವರ ಸಹಿ ಇಲ್ಲದೆ ನಮ್ಮಲ್ಲಿ ಯಾರಿಗೂ ಕಡೇಚೂರಿನಲ್ಲಿ ಕೆಲಸ ಸಿಗುತ್ತಿರಲಿಲ್ಲ.

ಆಗ ಸೂಪರ್‌ವೈಸರು ನನ್ನನ್ನು ಆಫೀಸಿಗೆ ಕರೆಸಿದ. ನಮ್ಮ ಎಂಟೂ ಜನರ ಕೆಲಸದ ಪತ್ರಗಳು ಮೇಜಿನ ಮೇಲಿದ್ದವು. ನನ್ನ ಹೆಸರಿನದು ಎಲ್ಲಕ್ಕಿಂತ ಮೇಲಿತ್ತು. ನಿನ್ನ ಅಕ್ಷರ ಚೆನ್ನಾಗಿದೆಯಂತೆ, ಎಲ್ಲರ ಪರವಾಗಿ ಒಂದು ಅರ್ಜಿ ಬರಿ ಎಂದ. ಅವನು ಹೇಳಿದ, ನಾನು ಬರೆದೆ. ಇಂಥ ಹೆಸರಿನ ತರಬೇತುದಾರರು ವಿನಾಕಾರಣ ನಮ್ಮ ಪರೀಕ್ಷೆ ತಡೆಯುತ್ತಿದ್ದಾರೆ. ಹೆಂಗಸರನ್ನು ಕೀಳಾಗಿ ಬೈಯುತ್ತಾರೆ. ಹೊಸ ಹೆಲ್ಮೆಟ್ಟುಗಳಿಂದ ನಮಗೆ ಯಾವ ತೊಂದರೆಯೂ ಇಲ್ಲ. ಮುಂದೆ ತೊಂದರೆಯಾದಲ್ಲಿ ಅದಕ್ಕೆ ನಾವೇ ಜವಾಬ್ದಾರರು.

ಕೊನೆಯ ವಾಕ್ಯ ಬರೆಯುವಾಗ ಪೆನ್ನು ನಿಂತಿತು. ನಿಂತದ್ದು ನಿಜ, ಆದರೆ ಮತ್ತೆ ಓಡಿದ್ದೂ ನಿಜ. ಶಹಾಪುರಕ್ಕೆ ಮರಳಿ ರವಿಕೆಯ ತೋಳು ಹೊಲಿಯುತ್ತ ಕೂರುವುದು ನನಗೆ ಬೇಡವಾಗಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದನ್ನು ಹುಡುಕಿದ್ದೇನೆ, ಸಿಕ್ಕಿಲ್ಲ.

ಉಳಿದವರು ಓದಿ ಸಹಿ ಮಾಡಿದರು. ಮೋನಮ್ಮ ಕಾಗದವನ್ನು ನನ್ನ ಕೈಗೇ ಕೊಟ್ಟು, "ಏನ್ ಬರದೀ ಓದಿ ಹೇಳು," ಎಂದಳು. ಹೊಸ ಹೆಲ್ಮೆಟ್ಟು ಚೆನ್ನಾಗಿವೆ, ಬೇಗ ಪರೀಕ್ಷೆ ಮಾಡಿ ಎಂದು ಬರೆದಿದ್ದೇನೆ ಎಂದೆ. ಉಸ್ತಾದರ ಮೇಲಿನ ದೂರು ಹೇಳಲಿಲ್ಲ, ಕೊನೆಯ ವಾಕ್ಯವನ್ನೂ ಓದಲಿಲ್ಲ. ಅವಳು ಬೆರಳು ಬಿಗಿಹಿಡಿದು ನಿಧಾನವಾಗಿ ತನ್ನ ಹೆಸರು ಬರೆದಳು.

ಮರುದಿನ ಸೂಪರ್‌ವೈಸರು ಅರ್ಜಿಯನ್ನು ಎಲ್ಲರೆದುರೇ ಉಸ್ತಾದರ ಕೈಗಿಟ್ಟ. ಅವರು ಮುಖ ಓರೆ ಮಾಡಿ, ಎಡಗಣ್ಣಿಗೆ ಹತ್ತಿರ ಹಿಡಿದು, ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ನನ್ನನ್ನು ನೋಡಿದರು.

"ಅಕ್ಷರ ಚಂದ ಅದಾವ ತಂಗಿ," ಎಂದರು.

ಅನಿಲದ ಸಿಲಿಂಡರಿನ ವಾಲ್ವು ಮುಚ್ಚಿದರು, ಕೈ ತೊಳೆದರು. ಹೋಗುವ ಮೊದಲು ಮೋನಮ್ಮನ ಟೇಬಲ್ಲಿನ ಬಳಿ ನಿಂತು, ಸಣ್ಣ ಪೈಪಿಗೆ ಹಳೆಯ ಗಾಜಿನದನ್ನೇ ಹಾಕಿಕೋ ಎಂದು ಹೇಳಿ ಹೋದರು. ಹಳೆಯ ಹೆಲ್ಮೆಟ್ಟುಗಳನ್ನು ಸೂಪರ್‌ವೈಸರು ಆ ಸಂಜೆಯೇ ಗಾಡಿಗೆ ಹಾಕಿಸಿ ಸಾಗಿಸಿದ. ಗುತ್ತಿಗೆದಾರ ಕರೆತಂದ ಬೇರೊಬ್ಬನ ಸಹಿಯಲ್ಲಿ ವಾರದೊಳಗೆ ನಾವೆಲ್ಲ ಪಾಸಾದೆವು.

ಕಡೇಚೂರಿನಲ್ಲಿ ನನ್ನನ್ನು ದಪ್ಪ ಪೈಪುಗಳ ಕೆಲಸಕ್ಕೆ ಹಾಕಿದರು. ಅಲ್ಲಿ ಕರೆಂಟು ಹೆಚ್ಚು, ಯಾವ ಹೆಲ್ಮೆಟ್ಟೂ ಕಪ್ಪಾಗುತ್ತದೆ. ಆದರೂ ಎರಡನೆಯ ತಿಂಗಳಲ್ಲಿ ನಾನು ಹೈದರಾಬಾದಿಗೆ ಹೋಗುವವರ ಕೈಯಲ್ಲಿ ನಾಲ್ಕು ಕಣ್ಣಿನ, ಗುರುತಿರುವ, ಹಗುರವಾದ ಹೆಲ್ಮೆಟ್ಟು ತರಿಸಿಕೊಂಡೆ. ಮೋನಮ್ಮನಿಗೆ ನೀನೂ ಒಂದು ತರಿಸಿಕೋ ಎನ್ನಲಿಲ್ಲ. ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಕೈ ನಯವೆಂದು ಅವಳಿಗೆ ಬೆರಳು ದಪ್ಪದ ಕೊಳವೆಗಳನ್ನೇ ಕೊಡುತ್ತಿದ್ದರು. ಹದಿನೈದು, ಹದಿನೆಂಟು ಆಂಪಿಯರ್, ಇಡೀ ದಿನ.

ಕಣ್ಣಲ್ಲಿ ಮರಳು ಎಂದು ಆಗಾಗ ಹೇಳುತ್ತಿದ್ದಳು. ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ನೋಡಿದ ಕಡೆಯೆಲ್ಲ ನಟ್ಟನಡುವೆ ಬೂದು ಚುಕ್ಕೆ ಕಾಣುತ್ತಿದೆ ಎಂದಳು. ರಾಯಚೂರಿನ ಡಾಕ್ಟರು ಕಣ್ಣಿನ ಒಳಪರದೆ ಸುಟ್ಟಿದೆ, ಎರಡರಲ್ಲೂ, ಅದು ಮತ್ತೆ ಬೆಳೆಯುವುದಿಲ್ಲ ಎಂದರು. ಚಿಕಿತ್ಸೆಗೆ ನೆರವು ಕೇಳಲು ಹೋದಾಗ ಆಫೀಸಿನವರು ಫೈಲಿನಿಂದ ಆ ಅರ್ಜಿ ತೆಗೆದು, ಕೊನೆಯ ವಾಕ್ಯವನ್ನು ಅವಳಿಗೆ ಓದಿ ಹೇಳಿದರು. ನಾನು ಅಲ್ಲಿರಲಿಲ್ಲ. ಅವಳು ಆ ಸಂಜೆಯೇ ಬಟ್ಟೆಗಂಟು ತೆಗೆದುಕೊಂಡು ಊರಿಗೆ ಹೋದಳು. ನನಗೆ ಹೇಳಿ ಹೋಗಲಿಲ್ಲ.

ಒಂದು ತಿಂಗಳ ಮೇಲೆ ನಾನು ಶಹಾಪುರಕ್ಕೆ ಉಸ್ತಾದರನ್ನು ಹುಡುಕಿಕೊಂಡು ಹೋದೆ. ಕಾಲುವೆ ಸೇತುವೆಯ ಹತ್ತಿರ ಒಂದು ಡಬ್ಬಿ ಅಂಗಡಿಯಲ್ಲಿ ಔಷಧ ಹೊಡೆಯುವ ಪಂಪು, ಹಾಲಿನ ಕ್ಯಾನು ರಿಪೇರಿ ಮಾಡುತ್ತಿದ್ದರು. ಬೇರೆ ಯಾವ ಗುತ್ತಿಗೆದಾರನೂ ಅವರನ್ನು ಕರೆಯುತ್ತಿರಲಿಲ್ಲ. ಹೆಂಗಸರನ್ನು ಬೈಯುವ ಮನುಷ್ಯ ಎಂಬ ಮಾತು ಅವರಿಗಿಂತ ಮೊದಲೇ ಎಲ್ಲ ಕಡೆ ಮುಟ್ಟಿತ್ತು. ನನಗೆ ಚಹಾ ತರಿಸಿದರು. ಮೋನಮ್ಮನಿಗೆ ನಾನು ಅರ್ಜಿ ಪೂರ್ತಿ ಓದಿ ಹೇಳಿರಲಿಲ್ಲ ಎಂಬುದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ನನ್ನನ್ನು ಮಾಫ್ ಮಾಡಿ ಎಂದೆ.

ಅವರು ಕ್ಯಾನಿನ ತಳ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಾ ಏನ್ ಮಾಫ್ ಮಾಡ್ಲಿ? ನಂದೇನು ಹೋಗ್ಯಾದ, ನೌಕರಿ ಹೋಗ್ಯಾದ. ಕಣ್ಣ ಹೋಗ್ಯಾವು ಆಕೀವು. ಹೋಗಿ ಆಕೀನ್ನ ಕೇಳು."

ಹೋಗುತ್ತೇನೆ ಎಂದೆ. ಬಸ್ಸು ಹತ್ತಿ ಕಡೇಚೂರಿಗೆ ಬಂದೆ. ಮುಂದಿನ ವಾರ ಎಂದುಕೊಂಡೆ, ದೀಪಾವಳಿ ಮುಗಿಯಲಿ ಎಂದುಕೊಂಡೆ. ಕಾರ್ಖಾನೆಯ ಹೊಸ ಲೈನು ಮುಗಿಯಲಿ ಎಂದುಕೊಂಡೆ. ಹೀಗೆ ಮೂರು ವರ್ಷವಾಯಿತು. ಆ ಮೂರು ವರ್ಷ ನಾನು ಒಳ್ಳೆಯ ವೆಲ್ಡರು ಎಂದು ಹೆಸರು ಮಾಡಿದೆ. ಹೊಸಬರಿಗೆ ಫ್ಯಾನು ಆರಿಸುವುದನ್ನೂ ಮೊನೆ ಉದ್ದಕ್ಕೆ ಹಿಡಿಯುವುದನ್ನೂ ಕಲಿಸಿದೆ. ಯಾರಿಂದ ಕಲಿತಿರಿ ಎಂದು ಕೇಳಿದರೆ ಯಾದಗಿರಿಯಲ್ಲಿ ಎಂದಷ್ಟೇ ಹೇಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಶ್ವಾಸಕೋಶದ ಕಾಯಿಲೆಯಂತೆ, ಎರಡು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಅವರ ಊರಿಗೆ ಹೋದೆ. ಮನೆಯಂಗಳದಲ್ಲಿ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಪಂಚಶೀಲ ಹೇಳಿದರು. ಮಣ್ಣು ಕೊಟ್ಟು ಬರುವಾಗ, ಹೆಂಗಸರ ಗುಂಪಿನಲ್ಲಿ ಒಬ್ಬಳು ಮನುಷ್ಯರನ್ನು ನೇರ ನೋಡದೆ, ಕಡೆಗಣ್ಣಿನಿಂದ, ಪಕ್ಕದಲ್ಲಿ ಇನ್ನೇನನ್ನೋ ನೋಡುತ್ತಿರುವವಳಂತೆ ಗುರುತು ಹಿಡಿಯುತ್ತಿದ್ದಳು. ಮೋನಮ್ಮ. ನಟ್ಟನಡುವೆ ಚುಕ್ಕೆ ಇರುವವರು ಹಾಗೆಯೇ ನೋಡಬೇಕಂತೆ.

ಎಲ್ಲರೂ ಮುಂದೆ ಹೋಗುವವರೆಗೆ ಕಾದು ಹತ್ತಿರ ಹೋದೆ. ನನ್ನ ಹೆಸರು ಹೇಳಿದೆ. ಅಂದು ಕಾಗದ ಪೂರ್ತಿ ಓದಿ ಹೇಳಿರಲಿಲ್ಲ, ಬೇಕೆಂದೇ ಬಿಟ್ಟೆ ಎಂದೆ. ಅವಳು ಗೊತ್ತು ಎಂದಳು. ಆಫೀಸಿನಲ್ಲಿ ಓದಿದಾಗಲೇ ಗೊತ್ತಾಯಿತು ಎಂದಳು. ಸಿಟ್ಟಿನ ದನಿಯಲ್ಲ, ಹಳೆಯ ಸುದ್ದಿ ಹೇಳುವ ದನಿ. ತಾನು ಊರಿಗೆ ಮರಳಿದ ಮೇಲೆ ಉಸ್ತಾದ್ ಹೇಗೋ ವಿಳಾಸ ಹುಡುಕಿಕೊಂಡು ಬಂದರಂತೆ. ರಾಯಚೂರಿಗೆ, ಆಮೇಲೆ ಹೈದರಾಬಾದಿಗೆ ಅವರೇ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಏನೂ ಗುಣವಾಗದಿದ್ದರೂ ಹಾಸಿಗೆ ಹಿಡಿಯುವವರೆಗೆ ಬಿಡಲಿಲ್ಲವಂತೆ.

ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದರೇ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ.

"ಪ್ರತಿ ಸಲ ಬಂದಾಗ ಕೇಳತಿದ್ರು, ಆಕಿ ಬಂದಿದ್ಲೇನು ಅಂತ," ಎಂದಳು ಮೋನಮ್ಮ. "ಇಲ್ರಿ ಅಂತಿದ್ದೆ. ಬರ್ತಾಳ ತಡಿ, ಆಕಿ ಕೆಟ್ಟಾಕಿ ಅಲ್ಲ ಅಂತಿದ್ರು. ಎರಡ ವರ್ಷ ಕೇಳಿದ್ರು. ಆಮ್ಯಾಗ ಕೇಳೂದು ಬಿಟ್ಟರು."